ಎಂಟು ತಾಸಿನ್ಯಾಗ ಅಮೆರಿಕಾ ಮುಟ್ಟತೀವಂತ, ಖರೇನ ಏನ್ರಿ?

ನವನಗರದ ನಿವೃತ್ತ
ಎಲ್ಲಾರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ನವನಗರದವ, ಬ್ಯಾಂಕಿನಿಂದ ನಿವೃತ್ತಿ ಆಗಿ ನಾಕು ವರ್ಷ ಆತು. ಮಗಳು ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇರ್ತಾಳ. ಜನವರಿ ಕಡೀಕ ಆಕಿಗೆ ದಿನ ತುಂಬತಾವ, ಹಿಂಗಾಗಿ ನಾನು ಮತ್ತ ಮನಿಯಾಕಿ ಇಬ್ಬರೂ ಹೊಂಟೀವಿ. ಇಬ್ಬರಿಗೂ ಪರದೇಶ ಮೊದಲನೇ ಸಲ. ಅಳಿಯ ಟಿಕೀಟು ಕಳಿಸ್ಯಾನ. ಬೆಂಗಳೂರು ಬಿಡೋದು ಸೋಮವಾರ ನಸುಕಿನ 4:30ಕ್ಕ, ದುಬೈದಾಗ ಇಳದು ಬ್ಯಾರೆ ವಿಮಾನ ಹತ್ತೋದು, ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟೋದು ಅದೇ ಸೋಮವಾರ ಮಧ್ಯಾಹ್ನ 12:50ಕ್ಕ.

ಮೊನ್ನೆ ಬೀಗರು ಬಂದಿದ್ರು. ಟಿಕೀಟು ಕೈಯಾಗ ಹಿಡದು, ಕನ್ನಡಕ ಹಣಿ ಮ್ಯಾಲೆ ಏರಿಸಿ ಓದಿ, "ಎಂಟು ತಾಸು ಇಪ್ಪತ್ತು ನಿಮಿಷ! ರಾಣಿ ಚನ್ನಮ್ಮಾದಾಗ ಬೆಂಗಳೂರಿಗೆ ಹೋದಷ್ಟ ಆತಲ್ರಿ" ಅಂದ್ರು. ಬೀಗರ ಮಾತಿಗೆ ಅಲ್ಲ ಅನ್ನೋದು ಹ್ಯಾಂಗ? ಇನ್ನೊಂದು ಕಪ್ಪು ಚಹಾ ಕೊಟ್ಟು ಸುಮ್ಮನಾದೆ. ಮಗಳು ನೋಡಿದ್ರ "ಅಪ್ಪಾ, ಎರಡು ದಿನ ಅಂತನ ತಿಳಕೊಂಡು ಹೊರಡ್ರಿ" ಅಂತಾಳ. ಟ್ರಾವೆಲ್ಸ್ ಹುಡುಗ 22 ತಾಸು ಅಂತಾನ.

ದೂರದ ಕಥಿನೂ ಇದ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಕ್ಕ ಒಂದು ಕಡೆ 14,000 ಅಂತ ಬರದಾರ, ಇನ್ನೊಂದು ಕಡೆ 8,700. ಬೀಗರ ಮೊಮ್ಮಗ ಮೊಬೈಲಿನ್ಯಾಗ ಏನೋ ಒತ್ತಿ 7,550 ಅಂದ. ಊರು ಎರಡೇ, ಹಾದಿ ಮೂರು ನಮೂನಿ! ತಿಳದವರು ಬಿಡಿಸಿ ಹೇಳ್ರಿ.

ಗಿರಮಿಟ್ ಗೆಳೆಯ
ಬೀಗರು ಹೇಳಿದ್ದ ಖರೆ ಐತಿ ಕಾಕಾ. ಮಧ್ಯಾಹ್ನ ಮುಟ್ಟಿ, ಕೂಸಿನ ಮುಖ ನೋಡಿ, ಸಂಜೀಕ ಹೊಳ್ಳಿ ಬಂದು ದುರ್ಗದಬೈಲಿನ್ಯಾಗ ಮಿರ್ಚಿ ತಿನ್ರಿ.

ಬೇ ಏರಿಯಾ ಹುಬ್ಬಳ್ಳಿಯವ
ಕಾಕಾ, ಗಿರಮಿಟ್ಟಿನ ಮಾತು ಬಿಡ್ರಿ. ನಾ ಇಲ್ಲೇ ಇರಾಂವ, ಒಂಬತ್ತು ಸಲ ಹೋಗಿ ಬಂದೀನಿ.

ಟಿಕೀಟಿನ ಮ್ಯಾಲೆ ಹೊರಡೂ ವ್ಯಾಳ್ಯಾ ಬೆಂಗಳೂರಿನ ಗಡಿಯಾರದ್ದು, ಮುಟ್ಟೂ ವ್ಯಾಳ್ಯಾ ಇಲ್ಲಿ ಗಡಿಯಾರದ್ದು. ಚಳಿಗಾಲದಾಗ ಇಲ್ಲಿ ಗಡಿಯಾರ ನಮ್ಮೂರಕಿಂತ ಹದಿಮೂರೂವರಿ ತಾಸು ಹಿಂದ ಇರ್ತೈತಿ. ನೀವು ಸೋಮವಾರ 12:50ಕ್ಕ ಇಲ್ಲಿ ಇಳದಾಗ ಹುಬ್ಬಳ್ಳಿಯಾಗ ಮಂಗಳವಾರ ನಸುಕಿನ 2:20 ಆಗಿರ್ತೈತಿ. ಸೋಮವಾರ 4:30ರಿಂದ ಎಣಿಸ್ರಿ: 21 ತಾಸು 50 ನಿಮಿಷ. ಟ್ರಾವೆಲ್ಸ್ ಹುಡುಗನ ಲೆಕ್ಕ ಬರೋಬ್ಬರಿ ಐತಿ. ಬ್ಯಾಸಿಗಿಯಾಗ ಬಂದಿದ್ರ ಫರಕು ಹನ್ನೆರಡೂವರಿ ಆಗ್ತಿತ್ತು, ಯಾಕಂದ್ರ ಮಾರ್ಚಿನಿಂದ ನವೆಂಬರ್ ತನಕ ಇವರು ಗಡಿಯಾರಾನ ಒಂದು ತಾಸು ಮುಂದ ತಿರುವಿ ಇಡ್ತಾರ.

ಇನ್ನ ಮಗಳು ಎರಡು ದಿನ ಅಂದಾಳಲ್ಲ, ಅದೂ ಸುಳ್ಳಲ್ಲ. ಹೊರಟು ನೋಡ್ರಿ, ತಿಳೀತೈತಿ.

ಮಲ್ಲೇಶ್ವರದ ಮಾತುಗಾರ
ಸರ್, ಮೂರು ನಂಬರ್ ಬಂದಿರೋದಕ್ಕೆ ಕಾರಣ ಹಾದಿ ಅಲ್ಲ, ಅಳತೆ. 14,000 ಅಂದ್ರೆ ಕಿಲೋಮೀಟರ್. ಅದನ್ನೇ ಮೈಲಿಯಲ್ಲಿ ಹೇಳಿದ್ರೆ ಸುಮಾರು 8,700. ವಿಮಾನ, ಹಡಗಿನವರು ಲೆಕ್ಕ ಇಡೋದು ನಾಟಿಕಲ್ ಮೈಲಿಯಲ್ಲಿ, ಒಂದು ಅಂದ್ರೆ 1.852 ಕಿ.ಮೀ., ಅದರಲ್ಲಿ 7,550. ಮೂರೂ ಒಂದೇ. ನಿಮ್ಮ ಬೀಗರ ಮೊಮ್ಮಗ ಹುಷಾರಿದಾನೆ, ಕೆಳಗಡೆ ಬರೆದಿದ್ದ ಚಿಕ್ಕ ಅಕ್ಷರ ಮಾತ್ರ ಓದಿಲ್ಲ.

ನವನಗರದ ನಿವೃತ್ತ
ಅಯ್ಯ, ಇಷ್ಟ ಏನ್ರಿ! ಮೂವತ್ತು ವರ್ಷ ಬ್ಯಾಂಕಿನ್ಯಾಗ ಡಾಲರ್, ಪೌಂಡು, ರೂಪಾಯಿ ಅಂತ ಬದಲಿ ಮಾಡಿಕೊಟ್ಟಾವಗ ಇದು ಹೊಳೀಲಿಲ್ಲ ನೋಡ್ರಿ.

ಇನ್ನೊಂದು ಸಂಶಯ. ದುಬೈ ಅಂದ್ರ ಪಶ್ಚಿಮಕ್ಕ ಆತು. ಅಲ್ಲಿಂದ ಅರಬಸ್ತಾನ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಅಮೆರಿಕಾಕ್ಕ ಹೋಗ್ತದ ಅಂತ ನಾ ತಿಳದಿದ್ದೆ. ಗ್ವಾಡಿಗೆ ತೂಗುಹಾಕಿದ ನಕಾಶದಾಗ ಅಡ್ಡ ಗೆರಿ ಎಳದ್ರ ಹಂಗ ಬರ್ತದ. ಅಳಿಯ ಕಳಿಸಿದ ಚಿತ್ರದಾಗ ವಿಮಾನ ದುಬೈದಿಂದ ಸೀದಾ ಮ್ಯಾಲಕ್ಕ ಏರಿ, ಉತ್ತರ ಧ್ರುವದ ಕಡೆ ಹೋಗಿ, ಆ ಕಡೆಯಿಂದ ಕೆಳಗ ಇಳದದ. ಸುತ್ತು ಹಾಕಿ ಯಾಕ ಒಯ್ತಾರ? ರಿಕ್ಷಾದವ್ರು ಚನ್ನಮ್ಮ ಸರ್ಕಲ್ ಎರಡು ಸಲ ತೋರಿಸಿದಂಗ?

ಬೆಟಗೇರಿ ಹುಡುಗ
😂😂 ಮೀಟರ್ ಹಾಕ್ರಿ ಅನ್ರಿ ಪೈಲಟ್‌ಗೆ

ಧಾರವಾಡ ಮಾಸ್ತರ
ಇಲ್ಲೆ ನಾನು ಬಾಯಿ ಹಾಕಲಾರದ ಇರಲಾರೆ. 32 ವರ್ಷ ಭೂಗೋಳ ಕಲಿಸೀನಿ.

ಗ್ವಾಡಿ ನಕಾಶ ಬಿಡ್ರಿ, ಅದು ಉಂಡಿಯನ್ನ ಚಪಾತಿ ಮಾಡಿ ಲಟ್ಟಿಸಿದಂಗ. ಧ್ರುವದ ಕಡೆ ಇರೋದನ್ನೆಲ್ಲ ಎಳದು ಎಳದು ಅಗಲ ಮಾಡಿಟ್ಟಿರ್ತದ. ಮನ್ಯಾಗ ಮೋಸಂಬಿ ಇದ್ರ ತಗೋರಿ. ತೊಟ್ಟು ಉತ್ತರ ಧ್ರುವ ಅಂತ ಇಟಗೋರಿ. ತೊಟ್ಟಿನಿಂದ ಕೆಳಗ, ನಡುಮಟ್ಟಕ್ಕಿಂತ ಸ್ವಲ್ಪ ಮ್ಯಾಲೆ, ಒಂದು ಗುಂಡುಪಿನ್ನು ಚುಚ್ಚರಿ. ಅದು ದುಬೈ. ಈಗ ಹಣ್ಣು ಹಿಂದಕ್ಕ ತಿರುವಿ, ಬರೋಬ್ಬರಿ ಅದರ ಬೆನ್ನಿಗೆ, ತುಸು ಮ್ಯಾಲೆ ಇನ್ನೊಂದು ಪಿನ್ನು. ಅದು ಸ್ಯಾನ್ ಫ್ರಾನ್ಸಿಸ್ಕೋ. ಎರಡಕ್ಕೂ ದಾರ ಕಟ್ಟಿ ಜಗ್ಗರಿ. ದಾರ ಎಲ್ಲೆ ಹೋಗಿ ನಿಲ್ತದ ನೋಡಿ ಬಂದು ಹೇಳ್ರಿ. ಉತ್ತರ ನಾ ಹೇಳೂದಿಲ್ಲ.

ಗಿರಮಿಟ್ ಗೆಳೆಯ
ಮಾಸ್ತರು ನಿವೃತ್ತಿ ಆದ್ರೂ ಹೋಂವರ್ಕ್ ಕೊಡೂದು ಬಿಟ್ಟಿಲ್ಲ 🙏

ನವನಗರದ ನಿವೃತ್ತ
ಮಾಸ್ತರ, ಮಾಡಿ ನೋಡಿದೆ. ಗುಂಡುಪಿನ್ನು ಸಿಕ್ಕವು, ದಾರ ಸಿಗಲಿಲ್ಲ, ಮನಿಯಾಕಿ ಹೂವಿನ ಮಾಲಿ ಕಟ್ಟೋ ದಾರ ಕೊಟ್ಲು. ಮೊದಲು ನಡುಮಟ್ಟದಿಂದ ಅಡ್ಡ ಹಾಸಿ ಜಗ್ಗಿದೆ. ಜಗ್ಗಿದಂಗೆಲ್ಲ ಅದು ಜರಕೋತ, ಜರಕೋತ ಮ್ಯಾಲೆ ಬಂದು ತೊಟ್ಟಿನ ಬಾಜೂಕ ನಿಂತುಬಿಡ್ತು! ಕೈಯಾಗ ಉಳದ ದಾರ ನೋಡಿದ್ರ ನಾಕು ಬೆರಳು ಜಾಸ್ತಿ. ಅಂದ್ರ ಮ್ಯಾಲಿನ ಹಾದಿನ ಸಣ್ಣದು.

ಮನಿಯಾಕಿ "ಪಿನ್ನು ಚುಚ್ಚಿದ್ದು ನೀವ ತಿನ್ರಿ" ಅಂದು ಹೋದ್ಲು.

ಧಾರವಾಡ ಮಾಸ್ತರ
ನೂರಕ್ಕ ನೂರು. ಇದಕ್ಕ ಮಹಾವೃತ್ತ ಅಂತಾರ. ಗೋಳದ ಮ್ಯಾಲೆ ಎರಡು ಜಾಗಕ್ಕ ಅತಿ ಸಣ್ಣ ಹಾದಿ ಅದ. ನಿಮ್ಮ ದಾರ ತೊಟ್ಟಿನ ಹತ್ರನ ಯಾಕ ಬಂತು ಅಂದ್ರ, ದುಬೈ ಇರೋದು 55 ಡಿಗ್ರಿ ಪೂರ್ವ ರೇಖಾಂಶದಾಗ, ಸ್ಯಾನ್ ಫ್ರಾನ್ಸಿಸ್ಕೋ 122 ಡಿಗ್ರಿ ಪಶ್ಚಿಮದಾಗ. ಕೂಡಸ್ರಿ, 177. ಬರೋಬ್ಬರಿ 180 ಆಗಿದ್ರ ಹಾದಿ ಉತ್ತರ ಧ್ರುವದ ನೆತ್ತಿ ಮ್ಯಾಲೇ ಹೋಗ್ತಿತ್ತು. ಆ ಹಾದಿ ಸುಮಾರು 13,000 ಕಿ.ಮೀ. ಬೆಂಗಳೂರಿನಿಂದ ದುಬೈ 2,700. ನಿಮ್ಮದು ಒಟ್ಟು 15,700 ಆತು. ಬೆಂಗಳೂರಿನಿಂದ ನೇರ ಹೋದ್ರ 14,000. ಭೂಮಿ ಮ್ಯಾಲೆ ಯಾವ ಎರಡು ಊರು ತಗೊಂಡ್ರೂ 20,000 ಕಿ.ಮೀ.ಕ್ಕಿಂತ ದೂರ ಇರಾಕ ಸಾಧ್ಯನ ಇಲ್ಲ, ಯಾಕಂದ್ರ ಸುತ್ತಳತಿ 40,000, ಅದರ ಅರ್ಧಾನ ಗರಿಷ್ಠ.

ಮಲ್ಲೇಶ್ವರದ ಮಾತುಗಾರ
ಇಷ್ಟೆಲ್ಲಾ ಲೆಕ್ಕ ಯಾಕೆ, ಡೈರೆಕ್ಟ್ ವಿಮಾನ ತಗೋಬೇಕಿತ್ತು. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ನೇರ ವಿಮಾನ ಶುರು ಮಾಡ್ತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಮೊದಲ ವಿಮಾನದ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳೇ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವ. ಉತ್ತರ ಧ್ರುವದ ಮೇಲಿಂದ ಬಂದ್ರು, ಸುಮಾರು 17 ಗಂಟೆ. ಹುಬ್ಬಳ್ಳಿ ಕಡೆಯವರಿಗೆ ಯಾರೂ ಹೇಳಲ್ವಾ ಇದನ್ನ?

ಬೆಟಗೇರಿ ಹುಡುಗ
ಹುಬ್ಬಳ್ಳಿ ಕಡೆಯವರಿಗೆ ಪೇಪರ್ ಬರ್ತೈತ್ರಿ ಸರ. ಎಲ್ಲಾ ಗೊತ್ತೈತಿ.

ಬೇ ಏರಿಯಾ ಹುಬ್ಬಳ್ಳಿಯವ
ಮಾತುಗಾರ ಸರ, ಆ ನೇರ ವಿಮಾನ ಯಾವಾಗ ಇರ್ತೈತಿ, ಯಾವಾಗ ಇರೂದಿಲ್ಲ ಅನ್ನೂದು ಆಕಾಶದ ರಾಜಕೀಯದ ಮ್ಯಾಲೆ ಐತಿ. 2022ರಿಂದ ರಷ್ಯಾದ ಆಕಾಶ ಅಮೆರಿಕಾ, ಯುರೋಪಿನ ಕಂಪನಿಗಳಿಗೆ ಬಂದ್. 2025ರ ಏಪ್ರಿಲ್‌ದಾಗ ಪಾಕಿಸ್ತಾನ ತನ್ನ ಆಕಾಶ ನಮ್ಮ ದೇಶದ ವಿಮಾನಕ್ಕ ಬಂದ್ ಮಾಡ್ತು. ದಿಲ್ಲಿಯಿಂದ ಪಶ್ಚಿಮಕ್ಕ ಹೊಂಟ ನಮ್ಮ ವಿಮಾನ ಕೆಳಗಿಂದ ಸುತ್ತಿ ಹೋಗಬೇಕಾತು, ಕೆಲವು ನಡುವ ಯುರೋಪಿನ್ಯಾಗ ಇಳದು ಎಣ್ಣಿ ತುಂಬಿಸಿಕೊಂಡು ಹೋದವು. ಊರು ಇದ್ದಲ್ಲೇ ಇರ್ತಾವು, ಅಂತರ ಮಾತ್ರ ಬೆಳೀತೈತಿ. ಕೊಲ್ಲಿ ದೇಶದ ಕಂಪನಿಗೆ ಪಾಕಿಸ್ತಾನದ ಬಂದಿನ ತ್ರಾಸು ಇಲ್ಲ. ಕಾಕಾರ ಅಳಿಯ ವಿಚಾರ ಮಾಡೇ ತಗೊಂಡಾನ.

ತರ್ಕರಾಯ ಗೋಕುಲ ರೋಡ್
ನಂದೊಂದು ಪ್ರಶ್ನೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕ ತಿರುಗತೈತಿ. ವಿಮಾನ ಮ್ಯಾಲೆ ಏರಿ ಸುಮ್ಮ ನಿಂತ್ರ ಹನ್ನೆರಡು ತಾಸಿಗೆ ಅಮೆರಿಕಾ ತಾನಾಗೇ ಕೆಳಗ ಬರಬೇಕಲ್ಲ? ಎಣ್ಣಿ ಯಾಕ ಸುಡ್ತಾರ? ಇದರಾಗ ಏನೋ ಮಸಲತ್ತು ಐತಿ.

ಗಿರಮಿಟ್ ಗೆಳೆಯ
ಚಿಗರಿ ಬಸ್ಸು ಓಡೂ ಮುಂದ ಒಳಗ ನಿಂತು ಮ್ಯಾಲೆ ಜಿಗದ್ರ ನೀ ಹಿಂದಿನ ಸೀಟಿನ ಅಜ್ಜಿ ಮ್ಯಾಲೆ ಬೀಳ್ತೀಯೇನೋ? ಬಸ್ಸಿನ ಸಂಗಾಟ ನೀನೂ ಹೊಂಟಿರ್ತಿ.

ಧಾರವಾಡ ಮಾಸ್ತರ
ಗಿರಮಿಟ್ಟಪ್ಪ ಈ ಸಲ ಸರಿ ಹೇಳ್ಯಾನ. ಭೂಮಿ ಸಂಗಾಟ ಗಾಳಿನೂ ತಿರುಗತದ, ಗಾಳಿಯೊಳಗಿನ ವಿಮಾನಾನೂ.

ತರ್ಕರಾಯ ಗೋಕುಲ ರೋಡ್
ಹಂಗಂದ್ರ ಹೋಗೂ ಮುಂದ ಒಂದು ಟೈಮ್, ಬರೂ ಮುಂದ ಇನ್ನೊಂದು ಟೈಮ್ ಯಾಕ ತೋರಸ್ತಾರ? ಅದಕ್ಕ ಉತ್ತರ ಕೊಡ್ರಿ ಮೊದಲ.

ದೇವನಹಳ್ಳಿ ಡ್ಯೂಟಿ
ನಾ ರಾಣೆಬೆನ್ನೂರಿನವ, ಹನ್ನೊಂದು ವರ್ಷದಿಂದ ದೇವನಹಳ್ಳಿ ಏರ್‌ಪೋರ್ಟಿನ್ಯಾಗ ಗ್ರೌಂಡ್ ಡ್ಯೂಟಿ. ಅದು ಭೂಮಿ ತಿರುಗೂದಕ್ಕಲ್ಲ ಅಣ್ಣಾರ, ಗಾಳಿಗೆ. ಒಂಬತ್ತು ಹತ್ತು ಕಿ.ಮೀ. ಮ್ಯಾಲೆ ಜೆಟ್ ಸ್ಟ್ರೀಮ್ ಅಂತ ಗಾಳಿಯ ಹೊಳಿ ಹರೀತೈತಿ, ಪಶ್ಚಿಮದಿಂದ ಪೂರ್ವಕ್ಕ. ತಾಸಿಗೆ 200 ಕಿ.ಮೀ. ದಾಟೂದು ಅಲ್ಲಿ ಹೊಸಾದೇನಲ್ಲ. ಬೆನ್ನಿಗೆ ಬಂದ್ರ ದೂಡ್ತೈತಿ, ಎದುರು ಬಂದ್ರ ತಡೀತೈತಿ. ತುಂಗಭದ್ರಾದಾಗ ತೆಪ್ಪ ಹಾಕಿದವ್ರಿಗೆ ಇದು ಹೇಳಬೇಕಾಗಿಲ್ಲ.

ಒಂದು ಚಲೋ ಉದಾಹರಣೆ ಐತಿ. ಏರ್ ಇಂಡಿಯಾದ ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲ ಅಟ್ಲಾಂಟಿಕ್ ಮ್ಯಾಲೆ ಹೋಗ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ದಾಗ ಅದನ್ನ ತಿರುಗಿಸಿ ಪೂರ್ವಕ್ಕ, ಪೆಸಿಫಿಕ್ ಮ್ಯಾಲೆ ಒಯ್ದ್ರು. ಹಾದಿ 15,300 ಕಿ.ಮೀ. ಆತು. ಅಂದ್ರ 1,400 ಕಿ.ಮೀ. ಜಾಸ್ತಿ. ಮುಟ್ಟಿದ್ದು ಹದಿನಾಲ್ಕೂವರಿ ತಾಸಿನ್ಯಾಗ, ಮೊದಲಿನಕಿಂತ ಲಗೂನ.

ತರ್ಕರಾಯ ಗೋಕುಲ ರೋಡ್
ದೂರ ಜಾಸ್ತಿ, ಟೈಮ್ ಕಡಿಮಿ? ಯಾರ ಕಿವಿಗೆ ಹೂವು ಇಡ್ತೀರಿ?

ನವನಗರದ ನಿವೃತ್ತ
ತರ್ಕರಾಯರ, ಭಾಗಾಕಾರ ನಾ ಮಾಡಿದೆ. 15,300ನ್ನ ಹದಿನಾಲ್ಕೂವರಿಯಿಂದ ಭಾಗಿಸಿದ್ರ 1,055. ಅಂದ್ರ ನೆಲದ ಲೆಕ್ಕಕ್ಕ ತಾಸಿಗೆ ಸಾವಿರದ ಐವತ್ತೈದು ಕಿ.ಮೀ. ಸರಾಸರಿ. ಈ ದೊಡ್ಡ ವಿಮಾನ ತನ್ನ ಕಸುವಿನ್ಯಾಗ ಎಷ್ಟು ಓಡ್ತದ?

ದೇವನಹಳ್ಳಿ ಡ್ಯೂಟಿ
ಸುಮಾರು 900 ಸರ. ಉಳದ 150 ಗಾಳಿ ಕೊಟ್ಟ ಬಕ್ಷೀಸು. ಇಂಧನಾನೂ ಉಳೀತೈತಿ. ಅದಕ್ಕ ಹೊರಡೂ ದಿನ ಗಾಳಿ ನೋಡೇ ಹಾದಿ ಗೆರಿ ಹಾಕ್ತಾರ. ನಿನ್ನಿ ಹೋದ ಹಾದಿಲೇ ಇವತ್ತು ಹೋಗ್ತೈತಿ ಅನ್ನೂದು ಗ್ಯಾರಂಟಿ ಇಲ್ಲ.

ತರ್ಕರಾಯ ಗೋಕುಲ ರೋಡ್
ಹ್ಞೂಂ. ವಿಚಾರ ಮಾಡ್ತೀನಿ.

ಬೆಟಗೇರಿ ಹುಡುಗ
ಇತಿಹಾಸದಾಗ ಬರದಿಡ್ರಿ, ತರ್ಕರಾಯರು ವಿಚಾರ ಮಾಡ್ತಾರಂತ

ಧಾರವಾಡ ಮಾಸ್ತರ
ಒಂದು ಮಜಾ ಲೆಕ್ಕ ಹಾಕಿದೆ. ಹುಬ್ಬಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋಕ್ಕ ಮಹಾವೃತ್ತದ ಹಾದಿ ಸುಮಾರು 13,850 ಕಿ.ಮೀ. ಬೆಂಗಳೂರಿನಿಂದ 13,990. ಅಂದ್ರ ಅಮೆರಿಕಾ ಬೆಂಗಳೂರಿನವರಕಿಂತ ನಮಗ 140 ಕಿ.ಮೀ. ಸಮೀಪ! ಆದ್ರ ನಾವು ವಿಮಾನ ಹತ್ತಬೇಕಂದ್ರ ಮೊದಲು 400 ಕಿ.ಮೀ. ಹಿಂದಕ್ಕ ಹೋಗಬೇಕು.

ಮಲ್ಲೇಶ್ವರದ ಮಾತುಗಾರ
ಸುಮ್ನೆ ಹೇಳ್ಬೇಡಿ ಸಾರ್. ಹುಬ್ಬಳ್ಳಿ ಬೆಂಗಳೂರಿಗಿಂತ ಪಶ್ಚಿಮಕ್ಕಿದೆ. ಪೆಸಿಫಿಕ್ ಕಡೆಯಿಂದ ಹೋಗೋರಿಗೆ ನೀವೇ ದೂರ.

ಧಾರವಾಡ ಮಾಸ್ತರ
ಹಾದಿ ಹೊರಡೋದು ಪೂರ್ವಕ್ಕಲ್ಲ ತಮ್ಮಾ, ಉತ್ತರಕ್ಕ, ಪೂರ್ವದ ಕಡೆ ಬರೇ 20 ಡಿಗ್ರಿ ವಾಲಿಕೊಂಡು. ನಾವು ನಿಮಗಿಂತ ಎರಡು ಡಿಗ್ರಿ ಉತ್ತರಕ್ಕ ಇದೀವಿ, ಒಂದು ಡಿಗ್ರಿ ಅಂದ್ರ 111 ಕಿ.ಮೀ. ಮೋಸಂಬಿ ತಗೊಂಡು ಬಾ.

ಬೇ ಏರಿಯಾ ಹುಬ್ಬಳ್ಳಿಯವ
ಮಾಸ್ತರ, ಆ ಸಣ್ಣ ಹಾದಿ ಚೀನಾ, ಸೈಬೀರಿಯಾ, ಅಲಾಸ್ಕಾ ಮ್ಯಾಲೆ ಬರ್ತೈತಿ ಹೌದಲ್ಲ? ಹಂಗಾದ್ರ 2021ರ ವಿಮಾನ ಅದನ್ನ ಬಿಟ್ಟು ಧ್ರುವದ ಮ್ಯಾಲೆ ಯಾಕ ಬಂತು?

ದೇವನಹಳ್ಳಿ ಡ್ಯೂಟಿ
ಒಂದು ಗಾಳಿ, ಇನ್ನೊಂದು ಟಿಬೆಟ್. ವಿಮಾನದಾಗ ಒಳಗಿನ ಗಾಳಿ ಒತ್ತಡ ಕೈಕೊಟ್ರ ಮಂದಿಗೆ ಉಸಿರಾಡಾಕ ಲಗೂನ ಹತ್ತು ಸಾವಿರ ಅಡಿಗೆ ಇಳೀಬೇಕು. ಟಿಬೆಟ್ಟಿನ ನೆಲಾನ ಅದಕ್ಕಿಂತ ಎತ್ತರ ಐತಿ, ಇಳಿಯೂದೆಲ್ಲಿ? ಅದಕ್ಕ ಆ ಕಡೆ ಹೋಗೂದು ಕಡಿಮಿ. ಧ್ರುವದ ಹಾದಿಗೂ ಅದರದೇ ಕಾಟ ಐತಿ: ಹೊರಗ ಮೈನಸ್ 60ಕ್ಕಿಂತ ಕೆಳಗ ಹೋಗೂದುಂಟು, ನಮ್ಮ ಕಡೆ ತುಂಬೂ ಇಂಧನ ಮೈನಸ್ 47ಕ್ಕ ಗಟ್ಟಿ ಆಗಾಕ ಹತ್ತತೈತಿ. ಟಾಕಿಯೊಳಗಿನ ಉಷ್ಣತೆ ಮ್ಯಾಲೆ ಪೈಲಟ್ಟು ಕಣ್ಣಿಟ್ಟಿರ್ತಾನ. ಭಾಳ ತಂಪಾತಂದ್ರ ಸ್ವಲ್ಪ ಕೆಳಗ ಇಳೀತಾನ ಇಲ್ಲಾ ವೇಗ ಏರಸ್ತಾನ.

ಗಿರಮಿಟ್ ಗೆಳೆಯ
ಉಣಕಲ್ ಕೆರಿ ದಂಡ್ಯಾಗ ಡಿಸೆಂಬರ್ ಮುಂಜಾನೆ ನನ್ನ ಸ್ಕೂಟಿನೂ ಹಂಗ ಮಾಡ್ತೈತಿ

ಬ್ಯಾಡಗಿ ಘಾಟು
ಅಣ್ಣಾರ, ಇವ್ರು ಧ್ರುವ, ಟಿಬೆಟ್ಟು ಅಂತ ಕುಂತಾರ. ನೀವು ಮೊದಲ ಬೆಂಗಳೂರು ಮುಟ್ಟೂದು ನೋಡ್ರಿ. ಹೋದ ವರ್ಷ ನಾನು ಸೊಸಿ ಬಾಣಂತನಕ್ಕ ಹೋಗಿದ್ದೆ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನ ತಗೊಂಡಿದ್ವಿ, ಬ್ಯಾರೆ ಟಿಕೀಟು. ಅಮೆರಿಕಾದ ಟಿಕೀಟಿಗೆ ಒಬ್ಬೊಬ್ಬರಿಗೆ 23 ಕಿಲೋದ ಎರಡೆರಡು ಬ್ಯಾಗು ಬಿಡ್ತಾರ. ಹುಬ್ಬಳ್ಳಿ ವಿಮಾನದಾಗ ಬರೇ 15 ಕಿಲೋ! ಗೊತ್ತಿಲ್ಲ ನಮಗ. ಏರ್‌ಪೋರ್ಟಿನ ಫರಸಿ ಮ್ಯಾಲೆ ಕುಂತು ಬ್ಯಾಗು ಬಿಚ್ಚಿದ್ವಿ. ಕಟಕ ರೊಟ್ಟಿ ಡಬ್ಬಿ, ಶೇಂಗಾ ಚಟ್ನಿ, ಕೊಬ್ಬರಿ, ಕೂಸಿನ ಕುಂಚಿಗಿ, ಅರಿಬಿ ತೊಟ್ಲಾ. ಹಿಂದ ಸಾಲಿನ್ಯಾಗ ನಿಂತ ಮಂದಿ ಎಲ್ಲಾ ನಮ್ಮ ಸಂಸಾರ ನೋಡಾಕ ಹತ್ತಿದ್ರು. ತೂಕಕ್ಕ ರೊಕ್ಕ ಕಟ್ಟಿದ್ದು ಟಿಕೀಟಿಗಿಂತ ಜಾಸ್ತಿ ಆತು.

ಅಂಟಿನುಂಡಿ ಕೈಚೀಲದಾಗ ಇಟಗೋರಿ, ಅದನ್ನ ಬಿಟ್ಟು ಹೋಗಬ್ಯಾಡ್ರಿ.

ಬೆಟಗೇರಿ ಹುಡುಗ
ಬ್ಯಾರೆ ಟಿಕೀಟಿಂದು ಇನ್ನೊಂದು ಸಂಕಟ ಐತಿ. ನಮ್ಮ ಕಾಕಾನ ಮಗ ಹುಬ್ಬಳ್ಳಿ ವಿಮಾನ ಮೂರು ತಾಸು ತಡಾ ಆಗಿ ಬೆಂಗಳೂರಿನ್ಯಾಗ ಮುಂದಿನ ವಿಮಾನ ತಪ್ಪಿಸಿಕೊಂಡ. ಮೊದಲನೇ ಕಂಪನಿಯವ್ರು "ನಾವು ಬೆಂಗಳೂರು ಮುಟ್ಟಿಸೀವಿ, ನಮ್ಮ ಕೆಲಸ ಮುಗೀತು" ಅಂದ್ರು. ಎರಡನೇ ಕಂಪನಿಯವ್ರು "ನೀವು ಬರಲಿಲ್ಲ, ನಾವೇನು ಮಾಡೂಣು" ಅಂದ್ರು. ಇಬ್ಬರ ಮಾತೂ ಖರೇನ, ರೊಕ್ಕ ಮಾತ್ರ ಇವನದು ಹೋತು. ಒಂದೇ ಟಿಕೀಟಿನ ಮ್ಯಾಲೆ ಎರಡೂ ವಿಮಾನ ಇದ್ರ ಮುಂದಿಂದು ಅವರ ಜವಾಬ್ದಾರಿ.

ಮತ್ತ ನಮ್ಮ ಗದಗಿನವರಿಗೆ ಹುಬ್ಬಳ್ಳಿ ಮುಟ್ಟಾಕ ಇನ್ನೂ ಅರವತ್ತು ಕಿ.ಮೀ. ಜಾಸ್ತಿ. ಅದನ್ನ ಯಾರೂ ಲೆಕ್ಕಕ್ಕ ಹಿಡ್ಯಾಂಗಿಲ್ಲ.

ಮಲ್ಲೇಶ್ವರದ ಮಾತುಗಾರ
ವಂದೇ ಭಾರತ್ ಇದೆಯಲ್ಲ. 2023ರ ಜೂನ್‌ನಿಂದ ಓಡ್ತಿದೆ, ಧಾರವಾಡದಿಂದ ಬೆಂಗಳೂರಿಗೆ ಆರೂವರೆ ಗಂಟೆ. ಲಗೇಜಿಗೆ ಯಾರೂ ತಕ್ಕಡಿ ಹಿಡ್ಕೊಂಡು ನಿಂತಿರಲ್ಲ.

ಗಿರಮಿಟ್ ಗೆಳೆಯ
ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಜಗತ್ತಿನ್ಯಾಗ ಉದ್ದಂದು, 1,507 ಮೀಟರ್. ನಾಕು ಬ್ಯಾಗು ಜಗ್ಗಿಕೋತ ನಿಮ್ಮ ಡಬ್ಬಿ ಹುಡುಕೂದನ್ನೂ ಪ್ರಯಾಣದ ಟೈಮಿಗೆ ಸೇರಿಸ್ರಿ ಕಾಕಾ.

ಧಾರವಾಡ ಮಾಸ್ತರ
ಅದಕ್ಕ ಧಾರವಾಡದಾಗ ಹತ್ತರಿ ಅನ್ನೋದು. ಸಣ್ಣ ಸ್ಟೇಶನ್, ಶಾಂತ, ಹೊರಗ ಪೇಢೆನೂ ಸಿಗತದ.

ಗಿರಮಿಟ್ ಗೆಳೆಯ
ಬಂತು ನೋಡ್ರಿ ಪೇಢೆ. ಹತ್ತು ಮಾತಿಗೆ ಒಂದು ಪೇಢೆ ಬರಲಿಲ್ಲಂದ್ರ ಧಾರವಾಡದವ್ರಿಗೆ ಉಂಡ ಅನ್ನ ಕರಗಾಂಗಿಲ್ಲ.

ಧಾರವಾಡ ಮಾಸ್ತರ
ನಿಮ್ಮೂರಿನ ಧೂಳಿಗಿಂತ ಪೇಢೆ ಚಲೋ.

ದೇವನಹಳ್ಳಿ ಡ್ಯೂಟಿ
ಜಗಳ ಆಮ್ಯಾಲೆ ಮಾಡ್ರಿ. ಸರ, ನಸುಕಿನ 4:30ರ ವಿಮಾನಕ್ಕ ನೀವು ರಾತ್ರಿ ಒಂದರೊಳಗ ಏರ್‌ಪೋರ್ಟಿನ್ಯಾಗ ಇರಬೇಕು. ಅಂದ್ರ ರಾತ್ರಿ ಬಸ್ಸು ಉಪಯೋಗಿಲ್ಲ, ಅದು ಮುಂಜಾನೆ ಮುಟ್ಟತೈತಿ. ಮಧ್ಯಾಹ್ನದ ವಂದೇ ಭಾರತ್ ಹತ್ತಿ ಯಶವಂತಪುರದಾಗ ಇಳೀರಿ. ಅಂತರರಾಷ್ಟ್ರೀಯ ವಿಮಾನ ಎಲ್ಲಾ ಎರಡನೇ ಟರ್ಮಿನಲ್‌ಕ್ಕ, ಟ್ಯಾಕ್ಸಿಯವ್ಗ ಮೊದಲೇ ಹೇಳ್ರಿ. ಜನವರಿ ನಸುಕಿನ್ಯಾಗ ಇಲ್ಲಿ ಮಂಜು ಬೀಳ್ತೈತಿ, ವಿಮಾನ ತಡಾ ಆಗೂದುಂಟು. ದುಬೈದಾಗ ನಿಮಗ ಎಷ್ಟೊತ್ತು ಐತಿ?

ನವನಗರದ ನಿವೃತ್ತ
ಒಂದು ತಾಸು ನಲವತ್ತು ನಿಮಿಷ.

ದೇವನಹಳ್ಳಿ ಡ್ಯೂಟಿ
ಬಿಗಿ ಐತಿ, ಆದ್ರ ಒಂದೇ ಟಿಕೀಟು, ಚಿಂತಿ ಬ್ಯಾಡ. ಇಬ್ಬರಿಗೂ ವೀಲ್‌ಚೇರ್ ಹೇಳಿಬಿಡ್ರಿ. ಕಾಲು ಗಟ್ಟಿ ಇದ್ರೂ ನಾಚಿಕೋಬ್ಯಾಡ್ರಿ. ದುಬೈ ಏರ್‌ಪೋರ್ಟಿನ್ಯಾಗ ಗೇಟು ಹುಡುಕೂದೇ ಒಂದು ಯಾತ್ರಾ.

ಬ್ಯಾಡಗಿ ಘಾಟು
ಅಲ್ಲಿ ಇಳದ ಮ್ಯಾಲೆ ತಿನ್ನೂ ಸಾಮಾನು ಏನೇನು ಐತಿ ಅಂತ ಕೇಳ್ತಾರ, ಮುಚ್ಚಿಡಬ್ಯಾಡ್ರಿ, ಐತಿ ಅಂತ ಹೇಳ್ರಿ. ತಾಜಾ ಹಣ್ಣು, ಕಾಯಿಪಲ್ಯ, ಬಿತ್ತೂ ಬೀಜ ಒಯ್ಯಬ್ಯಾಡ್ರಿ. ನಮ್ಮ ಬ್ಯಾಗಿನ್ಯಾಗ ಗುರೆಳ್ಳು ಚಟ್ನಿಪುಡಿ ಇತ್ತು. ಕರ್ರಗ ಐತಲ್ಲ, ಆ ಆಫೀಸರ್ ಪ್ಲಾಸ್ಟಿಕ್ ಚೀಲ ಎತ್ತಿ ಬೆಳಕಿಗೆ ಹಿಡದು ನೋಡಿದ. ನಾ "ಚಟ್ನಿ, ಚಟ್ನಿ" ಅಂದೆ. ಬಾಯಿ ಬಿಚ್ಚಿ ಮೂಸಿದ. ಒಳಗ ನಮ್ಮ ಬ್ಯಾಡಗಿ ಖಾರ ಇತ್ತು ನೋಡ್ರಿ. ಐದು ಸಲ ಸೀನಿದ. ಆಮ್ಯಾಲೆ ಏನೂ ಕೇಳಲಾರದ "ಹೋಗ್ರಿ" ಅಂತ ಕೈ ಮಾಡಿದ.

ಬೇ ಏರಿಯಾ ಹುಬ್ಬಳ್ಳಿಯವ
ಅಕ್ಕಾರ 🤣🤣 ಇಲ್ಲಿ ಆಫೀಸಿನ್ಯಾಗ ಒಬ್ಬನ ನಗಾಕ ಹತ್ತೀನಿ, ಎಲ್ಲಾರೂ ನೋಡಾಕ ಹತ್ಯಾರ.

ಕಾಕಾ, ಒಂದು ಮಾತು. ದುಬೈದಿಂದ 16 ತಾಸು ಒಂದೇ ಕುರ್ಚಿ. ಎರಡು ತಾಸಿಗೊಮ್ಮೆ ಎದ್ದು ಅಡ್ಡಾಡ್ರಿ, ಇಲ್ಲಂದ್ರ ಕಾಲು ಬಾಯ್ತಾವು. ಗುಳಿಗಿ ತಗೋತಿದ್ರ ಯಾವ ಊರಿನ ಟೈಮಿಗೆ ತಗೋಬೇಕು ಅಂತ ಡಾಕ್ಟರನ್ನ ಕೇಳಿ ಬರಸ್ಕೊಂಡು ಬರ್ರಿ. ಗುಳಿಗಿ ದೊಡ್ಡ ಬ್ಯಾಗಿನ್ಯಾಗ ಹಾಕಬ್ಯಾಡ್ರಿ, ಕೈಚೀಲದಾಗ.

ತರ್ಕರಾಯ ಗೋಕುಲ ರೋಡ್
ವಿಚಾರ ಮಾಡಿದೆ. ಗಾಳಿ ಮಾತು ಒಪ್ಪಿದೆ. ಇನ್ನೊಂದು ಪ್ರಶ್ನೆ: ಎಲ್ಲಾಕಿಂತ ಉದ್ದ ವಿಮಾನ ಯಾವುದು? 16 ತಾಸು ಅಂದ್ರ ಇದ ಇರಬೇಕಲ್ಲ?

ಮಲ್ಲೇಶ್ವರದ ಮಾತುಗಾರ
ಅಲ್ಲ. ಸಿಂಗಪುರದಿಂದ ನ್ಯೂಯಾರ್ಕ್, 15,300 ಕಿ.ಮೀ. ಮೇಲೆ, ಹದಿನೆಂಟು ಗಂಟೆ ದಾಟುತ್ತೆ. ಪರ್ತ್‌ನಿಂದ ಲಂಡನ್‌ಗೆ 17 ಗಂಟೆ, ಅದು 2018ರಿಂದ ಇದೆ.

ನವನಗರದ ನಿವೃತ್ತ
ಎಲ್ಲಾರಿಗೂ ಉಪಕಾರ. ರವಿವಾರ ಮಧ್ಯಾಹ್ನ ಹೊಂಟೀವಿ. ಮನಿಯಾಕಿ ಕೈಗಡಿಯಾರ ಹುಬ್ಬಳ್ಳಿ ವ್ಯಾಳ್ಯಾಕ್ಕ ಹಂಗ ಇಡತೀನಿ ಅಂದಾಳ, ಖರೇ ಎಷ್ಟು ತಾಸು ಆಗ್ತದ ಅಂತ ಅದರಾಗ ನೋಡ್ತೀವಿ. ಮುಟ್ಟಿ ಬರೀತೀನಿ.

ಗಿರಮಿಟ್ ಗೆಳೆಯ
ಕಿಟಕಿ ಬಾಜೂಕ ಕುಂದರ್ರಿ ಕಾಕಾ. ತೊಟ್ಟು ಕಂಡ್ರ ಫೋಟೋ ಹಾಕ್ರಿ.

(ಹನ್ನೆರಡು ದಿನ ಆದಮೇಲೆ)

ನವನಗರದ ನಿವೃತ್ತ
ಮುಟ್ಟೀವಿ. ಮೊಮ್ಮಗಳು ಹುಟ್ಯಾಳ, ಇಬ್ಬರೂ ಆರಾಮ. ಅದರ ಗದ್ದಲದಾಗ ಬರೆಯೋದು ತಡಾ ಆತು.

ಲೆಕ್ಕ ಒಪ್ಪಿಸ್ತೀನಿ. ರವಿವಾರ ಮಧ್ಯಾಹ್ನ ಹನ್ನೆರಡೂವರಿಗೆ ನವನಗರದ ಮನಿ ಕೀಲಿ ಹಾಕಿದ್ವಿ. ರೈಲಿನ ನಂತರ ಟ್ಯಾಕ್ಸಿ ಹಿಡದು ರಾತ್ರಿ ಒಂಬತ್ತೂವರಿಗೆ ದೇವನಹಳ್ಳಿ. ಅಲ್ಲೆ ಏಳು ತಾಸು ಕೂತ್ವಿ, ತಂದಿದ್ದ ಬುತ್ತಿ ಉಂಡ್ವಿ. ಮಂಜು ಬೀಳಲಿಲ್ಲ. ದುಬೈದಾಗ ವೀಲ್‌ಚೇರಿನ ಹುಡುಗ ಓಡಿಸಿಕೊಂಡು ಹೋದ, ಇಲ್ಲಾಂದ್ರ ತಪ್ಪತಿತ್ತು. ಡ್ಯೂಟಿಯವರಿಗೆ ಕೈ ಮುಗದೆ ಅಲ್ಲೇ. ಸ್ಯಾನ್ ಫ್ರಾನ್ಸಿಸ್ಕೋದಾಗ ಇಳದದ್ದು ಹೇಳಿದ ವ್ಯಾಳ್ಯಾಕ್ಕ. ಪಾಸ್‌ಪೋರ್ಟಿನ ಸಾಲು, ಬ್ಯಾಗು, ಎಲ್ಲಾ ಸೇರಿ ಎರಡು ತಾಸು, ಆಮ್ಯಾಲೆ ಕಾರಿನ್ಯಾಗ ಒಂದು ತಾಸು ಮ್ಯಾಲೆ. ಮಗಳ ಮನಿ ಗಂಟಿ ಒತ್ತಿದಾಗ ಇಲ್ಲೆ ಸೋಮವಾರ ಸಂಜಿ ನಾಕು. ಮನಿಯಾಕಿ ಕೈಗಡಿಯಾರದಾಗ ಮಂಗಳವಾರ ಮುಂಜಾನೆ ಐದೂವರಿ.

ಒಟ್ಟು 41 ತಾಸು. ಅದರಾಗ ಗಾಳಿಯಾಗ ಇದ್ದದ್ದು ಇಪ್ಪತ್ತ ತಾಸು. ಉಳದ ಇಪ್ಪತ್ತೊಂದು ನೆಲದ ಮ್ಯಾಲೆ, ಅದರಾಗ ಹದಿನಾರು ಹುಬ್ಬಳ್ಳಿ ಬಿಟ್ಟು ಬೆಂಗಳೂರು ವಿಮಾನ ಏರೂತನಕ!

ತೊಟ್ಟು ಕಾಣಲಿಲ್ಲ ಗಿರಮಿಟ್ಟಪ್ಪ. ಮುಂದಿನ ಪರದೆ ಮ್ಯಾಲೆ ಸಣ್ಣ ವಿಮಾನದ ಚಿತ್ರ ಧ್ರುವದ ಹತ್ರ ಬಂದಾಗ ಮನಿಯಾಕಿನ ಎಬ್ಬಿಸಿ ಕಿಟಕಿ ಎತ್ತಿದೆ. ಕರ್ರಗ ಕತ್ತಲಿ. ಜನವರಿಯಾಗ ಅಲ್ಲೆ ಸೂರ್ಯನ ಹುಟ್ಟೋದಿಲ್ಲಂತ ಆಮ್ಯಾಲೆ ನೆನಪಾತು. "ಇದನ್ನ ತೋರಸಾಕ ಎಬ್ಬಿಸಿದ್ರಿ?" ಅಂದು ಚಾದರ ಎಳಕೊಂಡ್ಲು.

ಧಾರವಾಡ ಮಾಸ್ತರ
ಅಜ್ಜ ಅಜ್ಜಿಗೆ ಅಭಿನಂದನೆ. ಪೇಢೆ ಹಂಚಿದ್ರೋ ಇಲ್ಲೋ?

ಬ್ಯಾಡಗಿ ಘಾಟು
ಮನಿಗೆ ಲಕ್ಷ್ಮಿ ಬಂದ್ಲು. ಅಂಟಿನುಂಡಿ ಮುಟ್ಟಿದ್ವು ಹೌದಲ್ಲ?

ನವನಗರದ ನಿವೃತ್ತ
ಪೇಢೆ ಹಂಚಿದೆ. ಉಂಡಿ ಅರ್ಧಾ ಅಳಿಯಾನ ತಿಂದಾನ, ಬಾಣಂತಿಗೆ ಮತ್ತ ಮಾಡಬೇಕು.

ತರ್ಕರಾಯ ಗೋಕುಲ ರೋಡ್
ಬೀಗರಿಗೆ 41 ತಾಸು ಅಂತ ಹೇಳಿದ್ರಿ?

ನವನಗರದ ನಿವೃತ್ತ
ನಿನ್ನೆ ಫೋನ್ ಮಾಡಿದ್ರು. ಮೊಮ್ಮಗಳ ಸುದ್ದಿ ಆದಮ್ಯಾಲೆ ಮೊದಲು ಕೇಳಿದ್ದ ಅದ, "ಎಂಟು ತಾಸು ಇಪ್ಪತ್ತು ನಿಮಿಷಕ್ಕ ಮುಟ್ಟಿದ್ರಿಲ್ಲೋ?" ನಾ "ಬರೋಬ್ಬರಿ ಮುಟ್ಟಿದ್ವಿ" ಅಂದೆ. ಅವರು ಮುಂದಿನ ತಿಂಗಳು ಬರೋರಿದಾರ.

ಗಿರಮಿಟ್ ಗೆಳೆಯ
ಅಯ್ಯೋ ಕಾಕಾ! ಬುತ್ತಿ ಕಟ್ಟಿಕೊಳ್ರಿ ಅಂತನಾದ್ರೂ ಹೇಳ್ರಿ ಅವರಿಗೆ. ಮತ್ತ ಕಾಕಿಯಾರ ಕೈಗಡಿಯಾರ?

ನವನಗರದ ನಿವೃತ್ತ
ಇನ್ನೂ ಹುಬ್ಬಳ್ಳಿ ವ್ಯಾಳ್ಯಾನ ತೋರಸ್ತದ. ಬದಲಿ ಮಾಡಲಾರೆ ಅಂತಾಳ. ಇಲ್ಲೆ ಸಂಜಿ ಐದೂವರಿ ಆತಂದ್ರ ಅದರಾಗ ಮುಂಜಾನೆ ಏಳು, "ಈಗ ನಮ್ಮ ಓಣಿಗೆ ಹಾಲಿನವ ಬಂದ" ಅಂತ ಹೇಳಿ ಎದ್ದು ಚಹಾಕ್ಕ ಇಡ್ತಾಳ.